ನೋಟುಗಳ ಹಿಮ್ಮೈ: ದಾವಣಗೆರೆಯ ಪೇಟೆಯಿಂದ ಒಂದು ಅವಲೋಕನ

ದಾವಣಗೆರೆಯ ಮಂಡಿಪೇಟೆಯಲ್ಲಿ ಮುಂಜಾನೆಯ ವ್ಯಾಪಾರ ಮೊದಲಾಗುವ ಹೊತ್ತಿಗೆ ದಲಾಲರ ಗಲ್ಲಾಪೆಟ್ಟಿಗೆಯಿಂದ ಹಮಾಲರ ಕೈಗೆ, ಅಲ್ಲಿಂದ ಮಂಡಕ್ಕಿ-ಮೆಣಸಿನಕಾಯಿಯ ಗಾಡಿಗೆ, ಗಾಡಿಯಿಂದ ಹರಿಹರದ ಬಸ್ಸಿನ ಕಂಡಕ್ಟರನ ಚೀಲಕ್ಕೆ, ಹೀಗೆ ಒಂದೇ ಹಗಲಿನಲ್ಲಿ ಹತ್ತಾರು ಕೈಗಳನ್ನು ದಾಟುವ ಐವತ್ತು ರೂಪಾಯಿಯ ನೀಲಿ ನೋಟಿನ ಹಿಮ್ಮೈಯಲ್ಲಿ ವಿಜಯನಗರದ ಅರಸರ ಕಾಲದ ಕಲ್ಲಿನ ರಥವೊಂದು ನಿಂತಿರುತ್ತದೆ. ಕೊಡುವವನು ಅದನ್ನು ನೋಡುವುದಿಲ್ಲ, ಕೊಳ್ಳುವವನೂ ನೋಡುವುದಿಲ್ಲ. ಇಬ್ಬರ ದೃಷ್ಟಿಯೂ ಅಂಕಿಯ ಮೇಲೆ, ಬಣ್ಣದ ಮೇಲೆ, ಹರಿದಿದೆಯೆ ಎಂಬ ಅನುಮಾನದ ಮೇಲೆ ಮಾತ್ರ ಇರುತ್ತದೆ. ವ್ಯಾಪಾರದ ಊರಿಗೆ ಇದು ಸಹಜವೇ ಸರಿ. ಆದರೆ ಇದೇ ಊರುಗಳಲ್ಲಿ ನೋಟನ್ನು ವೆಚ್ಚಕ್ಕಲ್ಲದೆ ನೋಡುವುದಕ್ಕಾಗಿಯೇ ಎತ್ತಿಡುವ ಸಂಗ್ರಾಹಕರೂ ಇರುವುದುಂಟು. ಅವರ ಆಲ್ಬಮ್ಮಿನ ಹಾಳೆಗಳನ್ನು ಕಾಲಾನುಕ್ರಮದಲ್ಲಿ ತಿರುವುತ್ತ ಹೋದರೆ, ಒಂದು ರಾಜ್ಯವು ತನ್ನನ್ನು ತಾನು ಯಾವ ಯಾವ ಕಾಲಕ್ಕೆ ಯಾವ ಯಾವ ವೇಷದಲ್ಲಿ ಪ್ರಜೆಗಳಿಗೆ ತೋರಿಸಿಕೊಳ್ಳಲು ಇಚ್ಛಿಸಿತು ಎಂಬ ಚರಿತ್ರೆಯೊಂದು, ಯಾವ ಇತಿಹಾಸಕಾರನೂ ಉದ್ದೇಶಪೂರ್ವಕವಾಗಿ ಬರೆಯದಿದ್ದರೂ, ತಾನಾಗಿಯೇ ಬರೆಯಲ್ಪಟ್ಟಿರುವುದು ಕಾಣಬರುತ್ತದೆ.

ಹಣದ ಮೇಲೆ ಚಿತ್ರವೇಕೆ ಎಂಬ ಪ್ರಶ್ನೆಗೆ ಉತ್ತರವನ್ನು ಹುಡುಕುವವರು ದಾವಣಗೆರೆಯ ಹುಟ್ಟಿನ ಕಥೆಯಿಂದಲೇ ಆರಂಭಿಸಬಹುದು. ಹೈದರಲಿಯು ಈ ಊರನ್ನು ಆಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನೆಂದೂ, ಆತನು ವರ್ತಕರನ್ನು ಕರೆದು ನೆಲೆಗೊಳಿಸಿದ್ದರಿಂದ ಊರು ಪೇಟೆಯಾಗಿ ಬೆಳೆಯಿತೆಂದೂ ಹಳೆಯ ಗೆಜೆಟಿಯರುಗಳು ಹೇಳುತ್ತವೆ. ಆ ಹೈದರಲಿಯು ಅಚ್ಚುಹಾಕಿಸಿದ ಚಿನ್ನದ ವರಹದ ಒಂದು ಮುಖದಲ್ಲಿ ಅವನ ಹೆಸರಿನ ಮೊದಲ ಪಾರಸಿ ಅಕ್ಷರವಿದ್ದರೆ, ಇನ್ನೊಂದು ಮುಖದಲ್ಲಿ ಶಿವ-ಪಾರ್ವತಿಯರು ಕುಳಿತಿದ್ದಾರೆ. ಇಕ್ಕೇರಿಯ ನಾಯಕರ ವರಹದ ಮೇಲೆಯೂ ಇದೇ ದಂಪತಿಗಳಿದ್ದರು. ಅವರಿಗಿಂತ ಮುಂಚೆ ವಿಜಯನಗರದ ವರಹಗಳಲ್ಲಿಯೂ ಇದ್ದರು. ರಾಜ್ಯಗಳು ಬಿದ್ದು ರಾಜ್ಯಗಳು ಎದ್ದರೂ ವರಹದ ಮೇಲಿನ ದೇವರು ಅಲುಗಲಿಲ್ಲ. ಹೊಸ ದೊರೆಯು ಹಳೆಯ ಚಿತ್ರವನ್ನು ಉಳಿಸಿಕೊಂಡದ್ದಕ್ಕೆ ಅವನ ಧಾರ್ಮಿಕ ಔದಾರ್ಯವನ್ನು ಕಾರಣವಾಗಿ ಹೇಳುವವರಿದ್ದಾರೆ. ನನಗಾದರೋ ಅದರಲ್ಲಿ ವ್ಯಾಪಾರದ ವಿವೇಕವೇ ಹೆಚ್ಚಾಗಿ ಕಾಣುತ್ತದೆ. ಸಂತೆಯಲ್ಲಿ ಕುಳಿತ ಶೆಟ್ಟರು ವರಹವನ್ನು ಕೈಯಲ್ಲಿ ಹಿಡಿದಾಗ ಪರಿಚಿತವಾದ ಮುಖವನ್ನು ಕಾಣಬೇಕು. ಕಂಡರೆ ನಂಬುತ್ತಾರೆ, ನಂಬಿದರೆ ಸರಕು ಕೊಡುತ್ತಾರೆ.

ಚಿನ್ನಕ್ಕಾದರೆ ಈ ನಂಬಿಕೆ ಸುಲಭ. ಏಕೆಂದರೆ ಚಿತ್ರ ಸವೆದುಹೋದರೂ ಲೋಹಕ್ಕೆ ಬೆಲೆಯಿರುತ್ತದೆ. ಕಾಗದಕ್ಕೆ ಅಂತಹ ಆಸರೆಯಿಲ್ಲ. 1861ರ ಕಾಗದದ ಹಣದ ಕಾಯಿದೆಯಿಂದ ನೋಟು ಹೊರಡಿಸುವ ಅಧಿಕಾರವನ್ನು ಬ್ರಿಟಿಷ್ ಸರಕಾರವು ತಾನೇ ವಹಿಸಿಕೊಂಡು, ವಿಕ್ಟೋರಿಯಾ ರಾಣಿಯ ಪುಟ್ಟ ಭಾವಚಿತ್ರವುಳ್ಳ ಮೊದಲ ನೋಟುಗಳನ್ನು ಹೊರತಂದಾಗ, ಅವುಗಳ ಒಂದೇ ಮಗ್ಗುಲಿನಲ್ಲಿ ಅಚ್ಚಿದ್ದು ಹಿಮ್ಮೈ ಬರಿದಾಗಿತ್ತು. ನೋಟಿನ ಚಲಾವಣೆಗೂ ಎಲ್ಲೆಗಳಿದ್ದವು: ಕಲ್ಕತ್ತ, ಬೊಂಬಾಯಿ, ಮದರಾಸುಗಳೆಂದು ಚಲಾವಣೆಯ ಮಂಡಲಗಳನ್ನು ವಿಂಗಡಿಸಿದ್ದು, ಒಂದು ಮಂಡಲದ ನೋಟು ಇನ್ನೊಂದರಲ್ಲಿ ಕಾಯಿದೆಯ ಪ್ರಕಾರ ಸಲ್ಲುತ್ತಿರಲಿಲ್ಲ. ಹರಿಹರದಲ್ಲಿ ನಿಂತು ನೋಡಿದರೆ ಇದರ ತೊಡಕು ಚೆನ್ನಾಗಿ ಅರ್ಥವಾಗುತ್ತದೆ. ತುಂಗಭದ್ರೆಯ ಈಚೆಯ ದಡ ಮೈಸೂರು ಸಂಸ್ಥಾನಕ್ಕೆ ಸೇರಿದ್ದು. ಆಚೆಯ ದಡ ಬೊಂಬಾಯಿ ಪ್ರಾಂತದ ಧಾರವಾಡ ಜಿಲ್ಲೆ. ಅದೇ ನದಿಯ ಜೊತೆ ಕೆಳಗೆ ಹೋದರೆ ಹಂಪೆಯಿರುವ ದಡ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ, ಎದುರಿನ ಆನೆಗೊಂದಿಯ ದಡ ಹೈದರಾಬಾದಿನ ನಿಜಾಮನದು. ಆ ನಿಜಾಮನ ಸರಕಾರವು 1918ರಿಂದ ತನ್ನದೇ ಆದ ನೋಟುಗಳನ್ನು ಹೊರಡಿಸಿ, ಅವುಗಳ ಮೇಲೆ ಉರ್ದು, ತೆಲುಗು, ಮರಾಠಿಗಳೊಡನೆ ಕನ್ನಡದಲ್ಲಿಯೂ ಮೌಲ್ಯವನ್ನು ಬರೆಯಿಸಿತು. ಒಂದು ನದಿಯ ಉದ್ದಕ್ಕೂ ನಡೆದುಹೋಗುವ ಜವಳಿ ವ್ಯಾಪಾರಿಯು ಕನ್ನಡವನ್ನು ಬಿಟ್ಟು ಬೇರೆ ಮಾತಾಡಬೇಕಾದ ಅಗತ್ಯವಿರಲಿಲ್ಲ. ಆದರೆ ಅವನ ಹಣಕ್ಕೆ ಆ ಸೌಲಭ್ಯವಿರಲಿಲ್ಲ. ಐದು ರೂಪಾಯಿಯ ನೋಟು 1903ರಲ್ಲಿ ಬರ್ಮಾ ಒಂದನ್ನುಳಿದು ಎಲ್ಲೆಡೆಯೂ, ಹತ್ತು ಮತ್ತು ಐವತ್ತರ ನೋಟುಗಳು 1910ರಲ್ಲಿ, ನೂರರ ನೋಟು 1911ರಲ್ಲಿ ಸಲ್ಲುವಂತಾದ ಮೇಲೆ ಈ ಗೋಡೆಗಳು ಕರಗತೊಡಗಿದವು.

ಆ ಕಾಲದ ಇನ್ನೊಂದು ಪದ್ಧತಿಯ ಗುರುತು ಇಂದಿಗೂ ಸಂಗ್ರಾಹಕರ ಕೈಗೆ ಸಿಗುತ್ತದೆ. ದೂರದ ಊರಿಗೆ ಹಣ ಕಳುಹಿಸಬೇಕಾದ ವರ್ತಕನು ನೋಟನ್ನು ನಟ್ಟನಡುವೆ ಕತ್ತರಿಸಿ, ಒಂದು ಹೋಳನ್ನು ಅಂಚೆಯಲ್ಲಿ ರವಾನಿಸಿ, ಅದು ಮುಟ್ಟಿದ ಸುದ್ದಿ ಬಂದ ಬಳಿಕ ಇನ್ನೊಂದು ಹೋಳನ್ನು ಕಳುಹಿಸುತ್ತಿದ್ದನು. ದಾರಿಯಲ್ಲಿ ಕದ್ದವನಿಗೆ ಅರ್ಧ ನೋಟಿನಿಂದ ಏನೂ ಪ್ರಯೋಜನವಿಲ್ಲ. ಪಡೆದವನು ಎರಡನ್ನೂ ಹೊಂದಿಸಿ ಹಿಂದಿನಿಂದ ಕಾಗದದ ಪಟ್ಟಿ ಅಂಟಿಸಿ ಉಪಯೋಗಿಸುತ್ತಿದ್ದನು. ಹೀಗೆ ಅಂಟಿಸಿದ ನೋಟಿಗೆ ಹರಾಜಿನಲ್ಲಿ ಬೆಲೆ ಕಡಮೆ. ಬೆಲೆ ಕಟ್ಟುವವರ ಲೆಕ್ಕ ಅವರಿಗಿರಲಿ. ಅಖಂಡವಾಗಿ ಉಳಿದ ನೋಟಿಗಿಂತ ಎರಡು ಸಲ ಅಂಚೆಯಲ್ಲಿ ಪ್ರಯಾಣ ಮಾಡಿದ ಈ ನೋಟೇ ಚರಿತ್ರೆಯನ್ನು ಹೆಚ್ಚಾಗಿ ಬಲ್ಲದ್ದೆಂದು ನನ್ನ ಭಾವನೆ.

ರಾಜರ ಮುಖಗಳ ಕಾಲವನ್ನು ಬೇಗನೆ ದಾಟಬಹುದು. ಮೊದಲನೆಯ ಮಹಾಯುದ್ಧದಲ್ಲಿ ಬೆಳ್ಳಿ ದುರ್ಲಭವಾದುದರಿಂದ 1917ರ ನವೆಂಬರ್ 30ರಂದು ಒಂದು ರೂಪಾಯಿಯ ನೋಟು ಹುಟ್ಟಿತು. ಅದರ ಮೇಲೆ ಐದನೆಯ ಜಾರ್ಜನ ಬೆಳ್ಳಿಯ ರೂಪಾಯಿಯ ಚಿತ್ರವನ್ನೇ ಅಚ್ಚುಹಾಕಿದ್ದು, ಲೋಹವಿಲ್ಲದಿದ್ದರೂ ಲೋಹದ ನೆರಳಾದರೂ ಇರಲಿ ಎಂಬಂತಿತ್ತು. ಮರುವರ್ಷವೇ ಎರಡೂವರೆ ರೂಪಾಯಿಯ ನೋಟೊಂದು ಬಂದು, ಕೆಲವು ವರ್ಷ ಬಾಳಿ, ಮರೆಯಾಯಿತು. ಅದೇ ಜಾರ್ಜನ 1911ರ ರೂಪಾಯಿನಾಣ್ಯದಲ್ಲಿ ಅವನ ನಿಲುವಂಗಿಯ ಸರದ ಮೇಲೆ ಕೊರೆದಿದ್ದ ಆನೆಯು ಹಂದಿಯಂತೆ ಕಾಣುತ್ತದೆಂದು ಜನರಲ್ಲಿ ಗುಲ್ಲೆದ್ದು, ಸರಕಾರವು ಗಾಬರಿಯಿಂದ ಮರುವರ್ಷ ಸೊಂಡಿಲನ್ನು ತಿದ್ದಿಸಿದ ಸಂಗತಿ ನಾಣ್ಯಾಸಕ್ತರಿಗೆಲ್ಲ ಗೊತ್ತು. ಹಣದ ಮೇಲಿನ ಚಿತ್ರವನ್ನು ಯಾರೂ ನೋಡುವುದಿಲ್ಲವೆಂದು ಮೇಲೆ ಹೇಳಿದೆನಷ್ಟೆ. ತಪ್ಪು ಕಂಡಾಗ ಮಾತ್ರ ಎಲ್ಲರೂ ನೋಡುತ್ತಾರೆ. ನಾಸಿಕದಲ್ಲಿ 1928ರಲ್ಲಿ ಮುದ್ರಣಾಲಯ ಸ್ಥಾಪಿತವಾಗುವವರೆಗೆ ನಮ್ಮ ನೋಟುಗಳು ಇಂಗ್ಲೆಂಡಿನಲ್ಲಿ ಅಚ್ಚಾಗಿ ಹಡಗಿನಲ್ಲಿ ಬರುತ್ತಿದ್ದವು. 1935ರ ಏಪ್ರಿಲ್ 1ರಂದು ಆರಂಭವಾದ ರಿಸರ್ವ್ ಬ್ಯಾಂಕಿನ ಮೊದಲ ನೋಟು, ಆರನೆಯ ಜಾರ್ಜನ ಮುಖವುಳ್ಳ ಐದು ರೂಪಾಯಿಯದು, 1938ರ ಜನವರಿಯಲ್ಲಿ ಹೊರಬಿತ್ತು.

ಸ್ವಾತಂತ್ರ್ಯ ಬಂದಾಗ ಅರಸನ ಮುಖವನ್ನು ತೆಗೆದು ಅಲ್ಲಿ ಏನನ್ನಿಡಬೇಕೆಂಬ ಪ್ರಶ್ನೆ ಎದ್ದಿತು. ಗಾಂಧೀಜಿಯವರ ಚಿತ್ರವಿರಬೇಕೆಂಬ ಅಭಿಪ್ರಾಯ ಮೊದಲು ಪ್ರಬಲವಾಗಿದ್ದು, ವಿನ್ಯಾಸಗಳೂ ಸಿದ್ಧವಾಗಿದ್ದವು. ಕೊನೆಗೆ ಸಾರನಾಥದ ಸಿಂಹಸ್ತಂಭವೇ ನಿಶ್ಚಯವಾಗಿ, 1949ರ ಒಂದು ರೂಪಾಯಿಯ ನೋಟಿನಲ್ಲಿ ಅದು ಮೊದಲು ಕಾಣಿಸಿಕೊಂಡಿತು. ಗಣರಾಜ್ಯದ ಮೊದಲ ನೋಟುಗಳ ಮೇಲೆ ಸಹಿ ಮಾಡಿದ ಗವರ್ನರು ಮಂಗಳೂರು ಮೂಲದ ಬೆನೆಗಲ್ ರಾಮರಾಯರು ಎಂಬುದನ್ನು ಕನ್ನಡನಾಡಿನ ಸಂಗ್ರಾಹಕರು ಸ್ವಲ್ಪ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ. ಆ ನೋಟುಗಳ ಹಿಮ್ಮೈಯ ಚಿತ್ರಗಳಾದರೋ ಪ್ರಾಕೃತಿಕ ಹಾಗೂ ಪೌರಾಣಿಕ ಸೌಮ್ಯತೆಯವು: ಎರಡು ರೂಪಾಯಿಯಲ್ಲಿ ಹುಲಿ, ಹತ್ತರಲ್ಲಿ ಹಾಯಿಹಡಗು, ನೂರರಲ್ಲಿ ಆನೆಗಳು, 1954ರಲ್ಲಿ ಮರಳಿ ಬಂದ ಸಾವಿರದ ನೋಟಿನಲ್ಲಿ ತಂಜಾವೂರಿನ ಬೃಹದೀಶ್ವರಾಲಯ. ಮನೆ ಕಟ್ಟುವ ಮೊದಲು ತೋರಣ ಕಟ್ಟಿದಂತಹ ಚಿತ್ರಗಳಿವು. ಸುಂದರವಾದರೂ ಇವುಗಳಿಂದ ಹೊಸ ರಾಜ್ಯವು ಏನು ಮಾಡಬಯಸುತ್ತದೆಂಬುದು ತಿಳಿಯುವುದಿಲ್ಲ.

ಅದು ತಿಳಿಯುವುದು ಅನಂತರದ ಎರಡು ಮೂರು ದಶಕಗಳ ನೋಟುಗಳಿಂದ. ನೂರು ರೂಪಾಯಿಯ ನೋಟಿನಲ್ಲಿ ಒಡಿಶಾದ ಹಿರಾಕುಡ್ ಅಣೆಕಟ್ಟು ಬಂದಿತು. ಐದು ರೂಪಾಯಿಯಲ್ಲಿ ಉದಯಸೂರ್ಯನ ಎದುರಿಗೆ ಹೊಲ ಉಳುವ ಟ್ರ್ಯಾಕ್ಟರು. ಎರಡು ರೂಪಾಯಿಯಲ್ಲಿ ಆರ್ಯಭಟ ಉಪಗ್ರಹ. ಒಂದು ರೂಪಾಯಿಯಲ್ಲಿ ಬೊಂಬಾಯಿಯ ಕಡಲಿನಲ್ಲಿ ತೈಲಕ್ಕಾಗಿ ಬಾವಿ ಕೊರೆದ ಸಾಗರ ಸಾಮ್ರಾಟ್ ಎಂಬ ಯಂತ್ರನೌಕೆ. ಇವುಗಳ ನಡುವೆ ಹತ್ತು ರೂಪಾಯಿಯ ನವಿಲೂ ಇಪ್ಪತ್ತರ ಕೋಣಾರ್ಕದ ಚಕ್ರವೂ ಇದ್ದವು, ಇಲ್ಲವೆನ್ನಲಾರೆ. ಆದರೆ ಒಟ್ಟು ನೋಟಕ್ಕೆ ಎದ್ದುಕಾಣುವುದು ಕೆಲಸ. ನೀರನ್ನು ತಡೆಯುವ ಕೆಲಸ, ನೆಲವನ್ನು ಉಳುವ ಕೆಲಸ, ಕಡಲನ್ನು ಕೊರೆಯುವ ಕೆಲಸ, ಆಕಾಶವನ್ನು ಅಳೆಯುವ ಕೆಲಸ. ರಾಜ್ಯವು ತನ್ನ ನೋಟಿನ ಮೇಲೆ ದೇವರನ್ನಾಗಲಿ ದೊರೆಯನ್ನಾಗಲಿ ಇಡದೆ ಯಂತ್ರವನ್ನಿಟ್ಟ ಕಾಲವಿದು.

ಆ ಎರಡು ರೂಪಾಯಿಯ ನೋಟು ಕನ್ನಡನಾಡಿಗೆ ವಿಶೇಷವಾಗಿ ಸಂಬಂಧಿಸಿದ್ದು. ಆರ್ಯಭಟವನ್ನು ಯು. ಆರ್. ರಾಯರ ನೇತೃತ್ವದಲ್ಲಿ ನಿರ್ಮಿಸಿದ್ದು ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಅದು ಸೋವಿಯತ್ ದೇಶದ ನೆಲದಿಂದ 1975ರ ಏಪ್ರಿಲ್ 19ರಂದು ಆಕಾಶಕ್ಕೇರಿತು. ತಗಡಿನ ಮಾಡಿನ ಕೆಳಗೆ ತಯಾರಾದ ವಸ್ತುವೊಂದು ಒಂದೆರಡು ವರ್ಷಗಳಲ್ಲಿಯೇ ಸಂತೆಯ ಸೊಪ್ಪಿನವಳ ಸೆರಗಿನ ಗಂಟಿಗೆ ಬಂದು ಸೇರಿದ್ದು, ನೋಟು ಎಂಬ ಮಾಧ್ಯಮಕ್ಕಲ್ಲದೆ ಬೇರಾವುದಕ್ಕೂ ಸಾಧ್ಯವಾಗದ ಪ್ರಚಾರ. ಅಂದು ವೃತ್ತಪತ್ರಿಕೆ ತಲುಪದ ಹಳ್ಳಿಗಳಿದ್ದವು; ಎರಡು ರೂಪಾಯಿ ತಲುಪದ ಹಳ್ಳಿಯಿರಲಿಲ್ಲ.

ಈ ಚಿತ್ರಗಳನ್ನು ದಾವಣಗೆರೆ ಮತ್ತು ಹರಿಹರಗಳ ಅಂದಿನ ಸ್ಥಿತಿಯ ಪಕ್ಕದಲ್ಲಿಟ್ಟು ನೋಡಬೇಕು. ಸುತ್ತಲಿನ ಕರಿಮಣ್ಣಿನ ಹತ್ತಿ, ಅದನ್ನು ಹಿಂಜುವ ಜಿನ್ನುಗಳು, ನೂಲುವ ನೇಯುವ ಗಿರಣಿಗಳು ಇವುಗಳ ಬಲದಿಂದ ದಾವಣಗೆರೆಯು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿ, ಗಿರಣಿಯ ಸೀಟಿಯೇ ಊರಿಗೆ ಗಡಿಯಾರವಾಗಿದ್ದ ಕಾಲವದು. ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತುಗಳನ್ನು ತಯಾರಿಸುತ್ತಿತ್ತು. ಲೇತು ಎಂದರೆ ಇತರ ಯಂತ್ರಗಳನ್ನು ಹೆರುವ ಯಂತ್ರ; ಹಾಗಾಗಿ ನೋಟಿನ ಮೇಲಿನ ಟ್ರ್ಯಾಕ್ಟರಿನ ಯಾವುದೋ ಒಂದು ತಿರುಪು, ಅಣೆಕಟ್ಟಿನ ಯಾವುದೋ ಒಂದು ಗೇಟಿನ ಕೀಲು ಹರಿಹರದ ಲೇತಿನ ಮೇಲೆ ತಿರುಗಿದ್ದಿರಬಹುದೆಂದು ಕಲ್ಪಿಸಿಕೊಂಡರೆ ಅದು ತೀರ ಅತಿಶಯವಾಗಲಾರದು. ಗಿರಣಿಯ ಕಾರ್ಮಿಕನಿಗೂ ಕಾರ್ಖಾನೆಯ ಕಾರ್ಮಿಕನಿಗೂ ಬಟವಾಡೆಯ ದಿನ ಕೈಗೆ ಬರುತ್ತಿದ್ದುದು ಇವೇ ನೋಟುಗಳು. ಸಂಬಳದ ಲಕೋಟೆಯೊಳಗಿನ ಚಿತ್ರವೂ ಹೊರಗಿನ ಜೀವನವೂ ಒಂದೇ ಮಾತನ್ನು ಹೇಳುತ್ತಿದ್ದ ಅಪೂರ್ವವಾದ ಕಾಲಸಂಧಿಯಿದು. ಹಿರಾಕುಡ್ಡಿಗೆ ಬದಲಾಗಿ, ಹರಿಹರದಲ್ಲಿ ನಾವು ಕಾಣುವ ನೀರನ್ನೇ ಕೆಳಗೆ ಹೊಸಪೇಟೆಯಲ್ಲಿ ಹಿಡಿದಿಟ್ಟ, 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಚಿತ್ರವಿದ್ದಿದ್ದರೆ ಇನ್ನೂ ಚೆನ್ನಾಗಿತ್ತೆಂಬ ಪ್ರಾದೇಶಿಕ ದುರಾಶೆಯೊಂದು ನನಗಿದೆ, ಅದನ್ನಿಲ್ಲಿ ಬೆಳೆಸುವುದಿಲ್ಲ.

ಆಮೇಲೆ ಊರಿನ ಜೀವನ, ನೋಟಿನ ಚಿತ್ರ ಎರಡೂ ಬದಲಾದವು. ದಾವಣಗೆರೆಯ ಗಿರಣಿಗಳು ಒಂದೊಂದಾಗಿ ಬಾಗಿಲು ಮುಚ್ಚಿದವು; ಗಿರಣಿಯ ನಿವೇಶನಗಳು ಬಡಾವಣೆಗಳಾದವು, ಊರು ವಿದ್ಯಾಸಂಸ್ಥೆಗಳ ಊರಾಯಿತು; ಹರಿಹರದ ಲೇತು ಕಾರ್ಖಾನೆಯೂ ನಿಂತುಹೋಯಿತು. ನೋಟುಗಳಲ್ಲಿ 1987ರ ಐನೂರರ ನೋಟಿನಿಂದ ಆರಂಭಿಸಿ, 1996ರಿಂದ ಸರಣಿಯಾಗಿ, ಗಾಂಧೀಜಿಯವರ ಭಾವಚಿತ್ರ ಮುಂಬದಿಯಲ್ಲಿ ನೆಲೆಗೊಂಡಿತು. ಆ ನಗುಮುಖವನ್ನು ಯಾವ ಕಲಾವಿದನೂ ಕಲ್ಪಿಸಿ ಬರೆದದ್ದಲ್ಲ. 1946ರಲ್ಲಿ ಬ್ರಿಟಿಷ್ ಸಚಿವ ಪೆಥಿಕ್-ಲಾರೆನ್ಸರೊಡನೆ ಅವರು ನಿಂತಿದ್ದಾಗ ತೆಗೆದ ಛಾಯಾಚಿತ್ರವೊಂದರಿಂದ ಬೇರ್ಪಡಿಸಿಕೊಂಡದ್ದು. ಹಿಮ್ಮೈಯಲ್ಲಿ ಅಣೆಕಟ್ಟು ಹೋಗಿ ಹಿಮಾಲಯ ಬಂದಿತು. ಹತ್ತರಲ್ಲಿ ಖಡ್ಗಮೃಗ, ಆನೆ, ಹುಲಿಗಳು ಬಂದವು. 2000ದಲ್ಲಿ ಹೊರಟ ಸಾವಿರದ ನೋಟು ಮಾತ್ರ ಕೊಯಿಲು, ಉಕ್ಕು, ತೈಲ, ಕಂಪ್ಯೂಟರಿನ ಮುಂದೆ ಕುಳಿತ ಹುಡುಗಿ ಇವೆಲ್ಲವನ್ನೂ ಒಂದೇ ಚೌಕಟ್ಟಿನಲ್ಲಿ ಇಡುಕಿಸಿ ಹಳೆಯ ಸಂಕಲ್ಪವನ್ನು ಇನ್ನೊಮ್ಮೆ ಉಚ್ಚರಿಸಿತು. ಅದು 2016ರ ನವೆಂಬರಿನಲ್ಲಿ ರದ್ದಾಯಿತು.

ಅನಂತರದ ಸರಣಿಯಲ್ಲಿ ರಾಜ್ಯವು ಸಂಪೂರ್ಣವಾಗಿ ಪ್ರಾಚೀನ ಶಿಲೆಗೆ ಮೊರೆಹೊಕ್ಕಿದೆ: ಹತ್ತರಲ್ಲಿ ಕೋಣಾರ್ಕದ ಸೂರ್ಯದೇವಾಲಯ, ಇಪ್ಪತ್ತರಲ್ಲಿ ಎಲ್ಲೋರ, ಐವತ್ತರಲ್ಲಿ ಹಂಪೆ, ನೂರರಲ್ಲಿ ಗುಜರಾತಿನ ಪಾಟಣದ ರಾಣಿಯ ಬಾವಿ, ಇನ್ನೂರರಲ್ಲಿ ಸಾಂಚಿಯ ಸ್ತೂಪ, ಐನೂರರಲ್ಲಿ ದೆಹಲಿಯ ಕೆಂಪುಕೋಟೆ. ಎರಡು ಸಾವಿರದ ನೋಟಿನ ಮೇಲಿದ್ದ ಮಂಗಳಯಾನವೊಂದೇ ಇದಕ್ಕೆ ಅಪವಾದವಾಗಿದ್ದು, 2023ರ ಮೇ 19ರಂದು ಆ ನೋಟನ್ನು ಹಿಂದಕ್ಕೆ ಪಡೆಯುವ ಪ್ರಕಟಣೆ ಹೊರಟಿತು. ಗಿರಣಿಗಳು ನಿಂತದ್ದಕ್ಕೂ ನೋಟಿನ ಚಿತ್ರ ಬದಲಾದದ್ದಕ್ಕೂ ಕಾರ್ಯಕಾರಣ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ; ವಿನ್ಯಾಸವನ್ನು ರಿಸರ್ವ್ ಬ್ಯಾಂಕಿನ ಕೇಂದ್ರ ಮಂಡಳಿಯ ಶಿಫಾರಸಿನ ಮೇಲೆ ಕೇಂದ್ರ ಸರಕಾರವು ಅಂಗೀಕರಿಸುತ್ತದೆ, ಅಲ್ಲಿ ದಾವಣಗೆರೆಯ ಸೀಟಿ ಕೇಳಿಸುವುದಿಲ್ಲ. ಆದರೆ ಮುಂದೆ ಮಾಡಲಿರುವುದನ್ನು ತೋರಿಸುತ್ತಿದ್ದ ನೋಟು ಹಿಂದೆ ಮಾಡಿಟ್ಟದ್ದನ್ನು ತೋರಿಸತೊಡಗಿದ್ದು, ನಮ್ಮ ಊರುಗಳಲ್ಲಿ ಯಂತ್ರದ ಸದ್ದು ಅಡಗುತ್ತ ಬಂದ ಅವಧಿಯಲ್ಲಿಯೇ ಎಂಬುದು ಆಲ್ಬಮ್ಮನ್ನು ತಿರುವುವವನ ಕಣ್ಣಿಗೆ ಬೀಳದೆ ಇರಲಾರದು.

ಶಿಲೆಗೆ ಮೊರೆಹೊಕ್ಕಿದ್ದರಿಂದ ಕನ್ನಡಿಗರಿಗೆ ನಷ್ಟವೇನೂ ಆಗಲಿಲ್ಲವೆನ್ನಿ. ಎಲ್ಲೋರದ ಕೈಲಾಸ ದೇವಾಲಯವನ್ನು ಬಂಡೆಯಿಂದ ಕಡೆಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ; ಅವನ ವಂಶದವರು ಮುಂದೆ ರಾಜಧಾನಿ ಮಾಡಿಕೊಂಡ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಹಂಪೆಯ ಮಾತಂತೂ ಹೇಳಬೇಕಾದುದೇ ಇಲ್ಲ. ಹೀಗೆ ಇಪ್ಪತ್ತು, ಐವತ್ತು ಎರಡೂ ನೋಟುಗಳು ಕರ್ಣಾಟಕದ ಅರಸರ ಕಾಲದ ಕೆಲಸವನ್ನು ಹೊತ್ತು ದೇಶವನ್ನು ಸುತ್ತುತ್ತಿವೆ.

ಐವತ್ತರ ನೋಟನ್ನು ಒಂದಿಷ್ಟು ಹೊತ್ತು ಕೈಯಲ್ಲಿ ಹಿಡಿದು ನೋಡುವುದು ಒಳ್ಳೆಯದು. 2017ರ ಆಗಸ್ಟಿನಲ್ಲಿ ಹೊರಬಂದ ಈ ನೋಟಿನ ಅಗಲ 66 ಮಿಲಿಮೀಟರು, ಉದ್ದ 135. ಹಿಂಬದಿಯ ಎಡಗಡೆಯಲ್ಲಿ ಹದಿನೈದು ಭಾಷೆಗಳ ಪಟ್ಟಿಯಿದೆ. ಇಂಗ್ಲಿಷಿನ ಅಕ್ಷರಕ್ರಮದಲ್ಲಿ ಅಸ್ಸಾಮಿ, ಬಂಗಾಳಿ, ಗುಜರಾತಿಗಳ ತರುವಾಯ ಕನ್ನಡವು ನಾಲ್ಕನೆಯದು. ಅಕ್ಷರಗಳು ಎಷ್ಟು ಸಣ್ಣವೆಂದರೆ ಕನ್ನಡಕದ ಕೆಳಗೆ ಇನ್ನೊಂದು ಗಾಜನ್ನು ಹಿಡಿದರೆ ಮಾತ್ರ ಐವತ್ತು ರೂಪಾಯಿಗಳು ಎಂಬುದು ಓದಲು ಸಿಗುತ್ತದೆ. ಮಧ್ಯದಲ್ಲಿ ರಥ. ಇದು ನಿಜವಾಗಿ ರಥವಲ್ಲ. ವಿಜಯವಿಠ್ಠಲ ದೇವಾಲಯದ ಅಂಗಳದಲ್ಲಿ ಸ್ವಾಮಿಗೆ ಅಭಿಮುಖವಾಗಿ ನಿಂತ ಗರುಡನ ಗುಡಿ. ಅದರ ಮುಂದಿರುವ ಆನೆಗಳು ಮೂಲದವಲ್ಲ. ಮೊದಲು ಅಲ್ಲಿ ಕುದುರೆಗಳಿದ್ದವೆಂಬುದಕ್ಕೆ ಸಾಕ್ಷಿಯಾಗಿ ಆನೆಗಳ ಹಿಂದೆ ಕುದುರೆಯ ಹಿಂಗಾಲು, ಬಾಲಗಳ ಅವಶೇಷ ಇಂದಿಗೂ ಕಾಣುತ್ತದೆ. ಮೇಲೆ ಇಟ್ಟಿಗೆಯ ಗೋಪುರವೊಂದಿತ್ತು. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿಯು ಹಂಪೆಯ ಛಾಯಾಚಿತ್ರಗಳನ್ನು ತೆಗೆದಾಗ ಅದು ಇನ್ನೂ ನಿಂತಿತ್ತು. ಶತಮಾನ ಮುಗಿಯುವುದರೊಳಗಾಗಿ ಅದನ್ನು ತೆಗೆದುಹಾಕಲಾಯಿತು. ಆದುದರಿಂದ ನಾವು ಕೈಯಿಂದ ಕೈಗೆ ದಾಟಿಸುತ್ತಿರುವ ಚಿತ್ರವು ಕೃಷ್ಣದೇವರಾಯನ ಕಾಲದ ಜನ ಕಂಡ ರೂಪದ್ದಲ್ಲ. ಕುದುರೆಯ ಜಾಗದಲ್ಲಿ ಆನೆ, ಗೋಪುರದ ಜಾಗದಲ್ಲಿ ಬಯಲು, ಹೀಗೆ ಹಾಳಾಗಿ, ತೇಪೆಹಾಕಿಸಿಕೊಂಡು, ರಕ್ಷಿತವಾದ ಮೇಲಿನ ರೂಪವಿದು. ವಿನ್ಯಾಸಕಾರನು ಗೋಪುರವನ್ನು ಪುನಃ ಕಲ್ಪಿಸಿ ಸೇರಿಸದೆ ಇದ್ದುದನ್ನು ಇದ್ದಂತೆ ತೋರಿಸಿದ್ದು ಅವನ ಸಂಯಮಕ್ಕೆ ಸಾಕ್ಷಿಯೆಂದು ಮೆಚ್ಚಬೇಕು.

ಅದೇ ನೋಟಿನ ಮುಂಬದಿಯ ಅಂಚಿನಲ್ಲಿ ಐವತ್ತು ಎಂಬ ಅಂಕಿಯ ತುಂಡುತುಂಡಾದ ಗೆರೆಗಳಿವೆ. ಹಿಂಬದಿಯಲ್ಲಿ ಉಳಿದ ತುಂಡುಗಳಿವೆ. ಬೆಳಕಿಗೆ ಹಿಡಿದಾಗ ಎರಡೂ ಕೂಡಿ ಅಂಕಿ ಪೂರ್ಣವಾಗುತ್ತದೆ. ಎರಡು ಬದಿಯ ಮುದ್ರಣವು ಕೂದಲೆಳೆಯಷ್ಟೂ ಜಾರದೆ ಕೂಡಬೇಕಾದುದರಿಂದ ಕಳ್ಳನೋಟಿನವನಿಗೆ ಇದು ಕಷ್ಟದ ಕೆಲಸ. 1224ರ ಸುಮಾರಿಗೆ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು ಕಟ್ಟಿಸಿದ ಹರಿಹರೇಶ್ವರನ ಗುಡಿಯಲ್ಲಿ, ಒಂದೇ ವಿಗ್ರಹದ ಬಲಕ್ಕೆ ಹರನೂ ಎಡಕ್ಕೆ ಹರಿಯೂ ಸೇರಿ ನಿಂತಿರುವುದನ್ನು ಕಂಡ ಹರಿಹರದವರಿಗೆ ಈ ಉಪಾಯ ಹೊಸದೆನಿಸಲಾರದು.

ಇನ್ನು ಕಾಗದದ ಮಾತು. ನಾವು ಕಾಗದವೆಂದು ಕರೆಯುವ ಈ ವಸ್ತುವಿನಲ್ಲಿ ಮರದ ಅಂಶವಿಲ್ಲ. ನೋಟಿನ ಹಾಳೆ ಸಂಪೂರ್ಣವಾಗಿ ಹತ್ತಿಯ ನಾರಿನದು. ಅಂಗಿಯ ಜೇಬಿನಲ್ಲಿ ಮರೆತು ಒಗೆಯಲು ಹಾಕಿದ ನೋಟು ಬಟ್ಟೆಯೊಡನೆ ಬಟ್ಟೆಯಾಗಿ ಹೊರಬರುವುದು ಇದರಿಂದಲೇ. ಬಹುಕಾಲ ಈ ಹಾಳೆಯನ್ನು ಹೊರದೇಶಗಳಿಂದ ತರಿಸುತ್ತಿದ್ದರು. 1968ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ ಮೊದಲ ಕಾರ್ಖಾನೆ ಆರಂಭವಾಯಿತು. 1996ರಿಂದ ನೋಟು ಅಚ್ಚುಹಾಕುತ್ತಿರುವ ಮೈಸೂರಿನಲ್ಲಿ ಈಗ ಅದರ ಹಾಳೆಯೂ ತಯಾರಾಗುತ್ತದೆ, 2022ರಿಂದ ಶಾಯಿಯೂ ತಯಾರಾಗುತ್ತಿದೆ. ಹತ್ತಿಯಿಂದ ಹಣ ಮಾಡಿದ ಊರೆಂದು ದಾವಣಗೆರೆಯನ್ನು ಹಿಂದೆ ಕರೆಯುತ್ತಿದ್ದರೆ ಅದು ಅಲಂಕಾರವಾಗುತ್ತಿತ್ತು. ಮೈಸೂರಿನ ಮಟ್ಟಿಗೆ ಅದು ವಾಸ್ತವವಾದ ವರದಿ.

ಸಂಗ್ರಾಹಕನು ನೋಟನ್ನು ಹೇಗೆ ನೋಡುತ್ತಾನೆಂಬುದನ್ನು ತಿಳಿಯದವರು ಅವನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಬೇಕು. ಅವನು ಮೊದಲು ಚಿತ್ರವನ್ನು ನೋಡುವುದಿಲ್ಲ. ನೋಟನ್ನು ಓರೆಯಾಗಿ ಬೆಳಕಿಗೆ ಹಿಡಿದು ಮಡಿಕೆಯ ಗೆರೆಯಿದೆಯೆ ಎಂದು ಪರೀಕ್ಷಿಸುತ್ತಾನೆ. ಆಮೇಲೆ ಜಲಚಿಹ್ನೆಯ ಬಿಳಿಯ ಜಾಗದಲ್ಲಿ ಪಿನ್ನಿನ ತೂತುಗಳನ್ನು ಹುಡುಕುತ್ತಾನೆ. ನೂರು ನೋಟುಗಳ ಕಟ್ಟಿಗೆ ಪಿನ್ನು ಹೊಡೆಯುವ ರೂಢಿಯನ್ನು 2001ರಲ್ಲಿ ರಿಸರ್ವ್ ಬ್ಯಾಂಕು ನಿಲ್ಲಿಸಲು ಹೇಳುವವರೆಗೆ, ಮುದ್ರಣಾಲಯದಿಂದ ಬಂದ ಗರಿಗರಿಯಾದ ಹೊಸ ನೋಟಿಗೂ ಈ ಗಾಯ ತಪ್ಪುತ್ತಿರಲಿಲ್ಲ. ಆದುದರಿಂದ ಹಳೆಯ ನೋಟಿನಲ್ಲಿ ತೂತಿದ್ದರೆ ಅದನ್ನು ಕಳಂಕವೆನ್ನದೆ ಜನ್ಮಚಿಹ್ನೆಯೆಂದು ಸಹಿಸಿಕೊಳ್ಳುವವರು ಬಹಳ. ಮೂರನೆಯದಾಗಿ ಸಂಖ್ಯೆ. ಆರೂ ಅಂಕಿ ಒಂದೇ ಆಗಿರುವುದು, ಹಿಂದುಮುಂದಾಗಿ ಓದಿದರೂ ಅದೇ ಬರುವುದು, 786ರಲ್ಲಿ ಮುಗಿಯುವುದು, ಇವುಗಳಿಗೆ ಪೇಟೆಯಲ್ಲಿ ಫ್ಯಾನ್ಸಿ ನಂಬರೆಂದು ಹೆಸರು, ಹೆಚ್ಚಿನ ಬೆಲೆ. ಮುದ್ರಣದಲ್ಲಿ ಕೆಟ್ಟ ನೋಟಿಗೆ ಬದಲಾಗಿ ಕಟ್ಟಿಗೆ ಸೇರಿಸುವ, ಸಂಖ್ಯೆಯಲ್ಲಿ ನಕ್ಷತ್ರದ ಗುರುತುಳ್ಳ ಸ್ಟಾರ್ ನೋಟು 2006ರಿಂದ ಈಚೆಗೆ ಬಂದದ್ದು. ಕೊನೆಗೆ ಸಹಿ. ಮೊದಲ ಗವರ್ನರ್ ಆಸ್‌ಬರ್ನ್ ಸ್ಮಿತ್ ಅವರ ಸಹಿ ಯಾವ ನೋಟಿನ ಮೇಲೆಯೂ ಇಲ್ಲ. 1970ರಲ್ಲಿ ಆರು ವಾರ ಮಾತ್ರ ಅಧಿಕಾರದಲ್ಲಿದ್ದ ಅಡಾರ್ಕರ್ ಅವರ ಸಹಿಯ ಹತ್ತು ರೂಪಾಯಿಗಾಗಿ ಸಂಗ್ರಾಹಕರು ಊರೂರು ಅಲೆಯುತ್ತಾರೆ. ಚಿತ್ರದಲ್ಲಿಯೂ ಇಂತಹ ಸೂಕ್ಷ್ಮಗಳುಂಟು: 1975ರಲ್ಲಿ ಬಂದ ಐವತ್ತರ ನೋಟಿನಲ್ಲಿ ಸಂಸತ್ ಭವನದ ಮೇಲೆ ಧ್ವಜಸ್ತಂಭವಿದ್ದು ಧ್ವಜವಿರಲಿಲ್ಲ, ಅನಂತರದ ಮುದ್ರಣದಲ್ಲಿ ಧ್ವಜ ಸೇರಿತು. ಧ್ವಜವಿಲ್ಲದ ನೋಟು ಈಗ ಆಲ್ಬಮ್ಮಿನ ಹಾಳೆಗೆ ಭೂಷಣ.

ಸಂಖ್ಯೆಯ ಈ ವ್ಯಾಮೋಹದಲ್ಲಿ ನನಗೆ ಅಷ್ಟಾಗಿ ಆದರವಿಲ್ಲ. ನೋಟನ್ನು ಚೀಟಿಯೆಂದು ಬಗೆದು ಅದೃಷ್ಟ ನೋಡುವವನಿಗೂ ಅದನ್ನು ಚರಿತ್ರೆಯ ಹಾಳೆಯೆಂದು ಓದುವವನಿಗೂ ಅಂತರವಿದೆ. ಎರಡನೆಯ ಬಗೆಯವರು ಬೆಂಗಳೂರಿಗೆ ಹೋದಾಗ ರಿಜ್ವಾನ್ ರಜಾಕ್ ಅವರು ತಮ್ಮ ಸಂಗ್ರಹದಿಂದ ಅಲ್ಲಿ ಸ್ಥಾಪಿಸಿರುವ ಭಾರತೀಯ ಕಾಗದದ ಹಣದ ವಸ್ತುಸಂಗ್ರಹಾಲಯವನ್ನು ನೋಡಬೇಕು. ವಿಕ್ಟೋರಿಯಾ ಕಾಲದಿಂದ ಇಂದಿನವರೆಗಿನ ನೋಟುಗಳನ್ನು ಒಂದೇ ಕಡೆ ಕಾಣುವ ಅವಕಾಶ ನಮ್ಮ ನಾಡಿನಲ್ಲಿ ಬೇರೆಡೆ ದುರ್ಲಭ. ಮನೆಯಲ್ಲಿ ಕೂಡಿಡುವವರು ಕಾಯಿದೆಯನ್ನೂ ಅರಿತಿರಬೇಕು. 2016ರಲ್ಲಿ ರದ್ದಾದ ಐನೂರು, ಸಾವಿರದ ಹಳೆಯ ನೋಟುಗಳನ್ನು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು 2017ರ ಶಾಸನದಂತೆ ಅಪರಾಧ. ಅಧ್ಯಯನ, ಸಂಶೋಧನೆ ಅಥವಾ ನಾಣ್ಯಶಾಸ್ತ್ರದ ಉದ್ದೇಶವಿದ್ದರೆ ಇಪ್ಪತ್ತೈದರವರೆಗೆ ಅವಕಾಶವುಂಟು. ಸಂಗ್ರಾಹಕನೆಂಬ ಪ್ರಾಣಿಯೊಂದು ಇದೆಯೆಂದು ಸಂಸತ್ತು ನೆನಪಿಟ್ಟುಕೊಂಡು ಶಾಸನದಲ್ಲಿ ಅವನಿಗೊಂದು ಮೂಲೆ ಬಿಟ್ಟದ್ದು ಸಂತೋಷದ ಸಂಗತಿ.

ಎಲ್ಲಕ್ಕಿಂತ ಕಿರಿದಾದ ನೋಟಿನ ವಿಷಯವೊಂದು ಉಳಿದಿದೆ. ಒಂದು ರೂಪಾಯಿಯ ನೋಟನ್ನು ಹೊರಡಿಸುವುದು ರಿಸರ್ವ್ ಬ್ಯಾಂಕಲ್ಲ, ಭಾರತ ಸರಕಾರ. ಅದರ ಮೇಲೆ ಗವರ್ನರರ ವಾಗ್ದಾನವಿಲ್ಲ, ಹಣಕಾಸು ಕಾರ್ಯದರ್ಶಿಯ ಸಹಿಯಿದೆ. 1994ರಲ್ಲಿ ನಿಂತುಹೋಗಿದ್ದ ಅದು 2015ರಲ್ಲಿ ಮರಳಿ ಬಂದಿತು, 2020ರಲ್ಲಿ ಮತ್ತೊಮ್ಮೆ ಹೊಸದಾಗಿ ಅಚ್ಚಾಯಿತು. ಎರಡು ಸಲವೂ ಹಿಮ್ಮೈಯಲ್ಲಿ ಸಾಗರ ಸಾಮ್ರಾಟವನ್ನು ಹಾಗೆಯೇ ಉಳಿಸಿಕೊಂಡರು. ಅಣೆಕಟ್ಟು, ಟ್ರ್ಯಾಕ್ಟರು, ಉಪಗ್ರಹಗಳೆಲ್ಲ ಹೊಸ ಮುದ್ರಣದಿಂದ ನಿರ್ಗಮಿಸಿದ ಮೇಲೆ ಆ ಯುಗದ ಯಂತ್ರವೊಂದು ಹೊಸ ನೋಟಿನ ಮೇಲೆ ಉಳಿದಿರುವುದು ಇಲ್ಲಿ ಮಾತ್ರ. ಆದರೆ ಮಂಡಿಪೇಟೆಯಲ್ಲಿಯಾಗಲಿ ಹರಿಹರದ ಸಂತೆಯಲ್ಲಿಯಾಗಲಿ ಆ ನೋಟಿನಿಂದ ಯಾರೂ ಏನನ್ನೂ ಕೊಳ್ಳುವುದಿಲ್ಲ. ಮದುವೆಯ ಸುಗ್ಗಿ ಬಂದಾಗ ನೂರರ ಜೊತೆಗೆ ಒಂದನ್ನು ಸೇರಿಸಿ ನೂರಾ ಒಂದು ಮಾಡುವುದಕ್ಕಾಗಿ, ಮುಯ್ಯಿಯ ಲಕೋಟೆಗೆ ನಾಣ್ಯಕ್ಕಿಂತ ನೋಟೇ ಲಕ್ಷಣವೆಂದು ಹುಡುಕುವವರಿದ್ದಾರೆ. ಅವರಿಗೆ ಅದನ್ನು ಮುಖಬೆಲೆಗಿಂತ ಹೆಚ್ಚಿಗೆ ಮಾರುವ ಅಂಗಡಿಗಳೂ ಇವೆ.